ಹಾರ್ಮೋನಿಯಮ್ಮಿಗಾಗಿ ಸ್ತೋತ್ರ

ನಿನ್ನೆ ಬೆಳಗಿನಿಂದ ನನ್ನ ಮೊಬೈಲಿನ ತುಂಬ ಬರೀ ಕೈಗಳು. ನಾಡಿದ್ದು ಮಣಿಪಾಲದಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ಆ ಸುದ್ದಿಯನ್ನು ಮಗಳು ನಮ್ಮ ಚರ್ಚಿನ ಸಭೆಯವರ ಗುಂಪಿಗೆ ಹಾಕಿದ್ದೇ ತಡ, ಒಬ್ಬರ ಹಿಂದೆ ಒಬ್ಬರು ಜೋಡಿಸಿದ ಕೈಗಳ ಚಿತ್ರ ಕಳುಹಿಸತೊಡಗಿದರು. ಕೆಲವರು ಒಂದು ಜೊತೆ, ಉದಾರಿಗಳು ಮೂರು ಜೊತೆ. ಕಣ್ಣು ಮಂಜಾಗಿರುವುದರಿಂದ ಮೊದಲಿಗೆ ನನಗೆ ಅವು ಹಲಸಿನ ಎಲೆಯಲ್ಲಿ ಕಟ್ಟಿದ ಕಡುಬಿನಂತೆ ಕಂಡವು. ಊಟದ ಹೊತ್ತು ಮೀರಿತ್ತು, ಅದಕ್ಕೇ ಇರಬೇಕು.

ನನಗೆ ಅಸಮಾಧಾನವೇನೂ ಇಲ್ಲ, ನೀವು ಹಾಗೆ ತಿಳಿಯಬೇಡಿ. ಕೈ ಜೋಡಿಸುವುದೂ ಒಂದು ಪ್ರಾರ್ಥನೆಯೇ. ಆದರೆ ಹೆಸರಿಲ್ಲ, ಊರಿಲ್ಲ, ಎಡಗಣ್ಣೋ ಬಲಗಣ್ಣೋ ಎಂಬ ವಿವರವಿಲ್ಲ. ಇಷ್ಟು ಚುಟುಕಾಗಿ ದೇವರ ಹತ್ತಿರ ಮಾತನಾಡುವುದನ್ನು ಸಲೋಮಿ ಟೀಚರು ನೋಡಿದ್ದರೆ ಏನನ್ನುತ್ತಿದ್ದರೋ ಎಂದು ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು, ನಿನ್ನೆಯಿಂದ ಅವರು ನನ್ನನ್ನು ಬಿಟ್ಟು ಹೋಗುತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಉಡುಪಿಯಲ್ಲಿ ನಮ್ಮದು ಚಿಕ್ಕ ಸಭೆ. ಚರ್ಚಿನ ಒಳಗೆ ಎಡಕ್ಕೆ ಹೆಂಗಸರ ಬೆಂಚು, ಬಲಕ್ಕೆ ಗಂಡಸರದ್ದು. ಯಾರು ಎಲ್ಲಿ ಕೂರುತ್ತಾರೆ ಎಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿತ್ತು. ಹೆಂಗಸರ ಎರಡನೇ ಬೆಂಚಿನಲ್ಲಿ ನನ್ನ ಪಕ್ಕ ಸಲೋಮಿ ಟೀಚರು. ಕಾಪುವಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತರಾಗಿ, ಕಡಿಯಾಳಿಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆ ಅವರನ್ನು ಬಿಟ್ಟರೂ ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಪ್ರಾರ್ಥನೆಗೆ ನಿಂತರೆ ಹಾಜರಿ ಕರೆದಂತೆ ಬೆಂಚಿನಿಂದ ಬೆಂಚಿಗೆ ಹೋಗಿ, ಒಬ್ಬೊಬ್ಬರ ಹೆಸರು ಹಿಡಿದು ದೇವರಿಗೆ ಕೃತಜ್ಞತೆಯ ಸ್ತೋತ್ರ ಸಲ್ಲಿಸುತ್ತಿದ್ದರು. ಬರೀ ಹೆಸರು ಹೇಳಿ ಮುಂದೆ ಹೋಗುವ ಜಾತಿಯವರಲ್ಲ.

"ಕರ್ತನೇ, ಮೊದಲನೇ ಬೆಂಚಿನ ಎಲಿಸಬೆತಮ್ಮನಿಗಾಗಿ ಸ್ತೋತ್ರ. ಅವರ ಕಾಲುನೋವು ನಿನಗೆ ಗೊತ್ತುಂಟು. ಉಪ್ಪಿನಕಾಯಿ ಬಿಡಿ ಅಂತ ಡಾಕ್ಟರು ಹೇಳಿದ್ದೂ ಗೊತ್ತುಂಟು. ಬಿಡಲಿಲ್ಲ, ಅದೂ ಗೊತ್ತುಂಟು."

ದೇವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಹೀಗೆ ಊರಿನ ಸಮಾಚಾರವೆಲ್ಲ ನಮಗೆ ಆಮೆನ್ನಿಗೆ ಮುಂಚೆಯೇ ಸಿಗುತ್ತಿತ್ತು. ಒಮ್ಮೆ ನನ್ನ ಸರದಿಯೂ ಬಂತು.

"ಈ ಹುಡುಗಿಗಾಗಿ ಸ್ತೋತ್ರ, ಕರ್ತನೇ. ಮಣಿಪಾಲದಲ್ಲಿ ಊರವರ ತಪ್ಪನ್ನೆಲ್ಲ ಹುಡುಕಿ ತೆಗೆಯುತ್ತಾಳೆ, ಒಳ್ಳೆ ಕೆಲಸ. ಮೊನ್ನೆ ಕಾರ್ಕಳದಿಂದ ನೋಡಲು ಬಂದ ಹುಡುಗನಲ್ಲಿಯೂ ತಪ್ಪು ಹುಡುಕಿದಳು. ಅವಳಿಗೆ ಸ್ವಲ್ಪ ದೃಷ್ಟಿ ಕಡಿಮೆ ಮಾಡು."

ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಹೇಳಿದ್ದು ನನ್ನ ಅಮ್ಮ. ಆ ಪ್ರಾರ್ಥನೆ ಕೇಳಲ್ಪಟ್ಟಿತು ಎನ್ನುವುದಕ್ಕೆ ಈಗ ನನ್ನ ಎಡಗಣ್ಣೇ ಸಾಕ್ಷಿ.

ಬುಧವಾರ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತಿತ್ತು. ನಮ್ಮ ಮನೆಯ ಸರದಿ ಬಂದಾಗ ಅಮ್ಮ ನನಗೆ ಮೊದಲೇ ಹೇಳಿಡುತ್ತಿದ್ದಳು: "ಟೀಚರು ಗಂಡಸರ ಮೂರನೇ ಬೆಂಚಿಗೆ ಬಂದಾಗ ನೀನು ಮೆಲ್ಲ ಎದ್ದು ಹೋಗಿ ಎಣ್ಣೆ ಇಡು. ಅದಕ್ಕಿಂತ ಮೊದಲು ಇಟ್ಟರೆ ಗೋಳಿಬಜೆ ಆರಿ ಹೋಗ್ತದೆ." ಮನೆಯಲ್ಲಿ ಬೆಂಚೇ ಇಲ್ಲದಿದ್ದರೂ ಟೀಚರು ಬೆಂಚಿನ ಕ್ರಮ ತಪ್ಪುತ್ತಿರಲಿಲ್ಲ. ಅಷ್ಟು ಹೊತ್ತೂ ನಾವು ಕಣ್ಣು ಮುಚ್ಚಿಯೇ ಇರಬೇಕು. ಪ್ರಾರ್ಥನೆಯ ಮಧ್ಯೆ ಕಣ್ಣು ತೆರೆಯುವುದೆಂದರೆ ನಮ್ಮಲ್ಲಿ ಸಣ್ಣ ಪಾಪವೇನಲ್ಲ. ನಾನು ಆಗಾಗ ಮಾಡುತ್ತಿದ್ದ ಪಾಪ ಅದು. ಅದರಿಂದಲೇ ನಿಮಗೆ ಈ ಕಥೆ ಹೇಳಲು ಸಾಧ್ಯವಾಗಿದೆ.

ಇನ್ನು ದಾನಿಯೇಲ್ ಮೇಸ್ತ್ರಿಗಳ ವಿಚಾರ. ಮಲ್ಪೆಯ ಕಡೆ ಒಂದು ಹಂಚಿನ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ಅವರದ್ದು. ಯಂತ್ರ ಹಂಚನ್ನು ಒತ್ತುವ ವೇಗದಲ್ಲೇ ಕೀರ್ತನೆಯನ್ನೂ ನುಡಿಸುತ್ತಿದ್ದರು. ಟೀಚರು ಹಾಡುವುದೋ ಮಗ್ಗಿಯ ರಾಗದಲ್ಲಿ. ಪ್ರತಿ ಸಾಲಿನ ಕೊನೆಯನ್ನು ಎಳೆದೂ ಎಳೆದೂ ಬಿಡುವರು. ಒಂದು ವರ್ಷ ಕೊಯ್ಲಿನ ಹಬ್ಬಕ್ಕೆ ಹಾಡು ಅಭ್ಯಾಸ ಮಾಡುವಾಗ ಮೇಸ್ತ್ರಿಗಳು ತಡೆಯಲಾರದೆ ಕೈ ಎತ್ತಿದರು.

"ಟೀಚರೆ, ನಾವೆಲ್ಲ ಉಡುಪಿ ಮುಟ್ಟಿ ಆಯ್ತು. ನೀವಿನ್ನೂ ಪಡುಬಿದ್ರಿಯಲ್ಲೇ ಇದ್ದೀರಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇರುವುದು ಹೇಗೆ, ನೀವೇ ಹೇಳಿ. ಟೀಚರು ಕೀರ್ತನೆ ಪುಸ್ತಕ ಮುಚ್ಚಿ, ಕೊಡೆ ತೆಗೆದುಕೊಂಡು ಹೊರಟುಹೋದರು.

ಮುಂದಿನ ಭಾನುವಾರ ಅವರು ಪ್ರಾರ್ಥನೆಗೆ ನಿಂತರು. ಬೆಂಚುಗಳನ್ನೆಲ್ಲ ಮುಗಿಸಿ ಹಾರ್ಮೋನಿಯಂ ಇರುವ ಮೂಲೆಗೆ ಬಂದರು. "ಕರ್ತನೇ, ಆ ಮೂಲೆಯ ಹಾರ್ಮೋನಿಯಮ್ಮಿಗಾಗಿ ಸ್ತೋತ್ರ. ಅದರ ತಿದಿಯನ್ನು ಇಲಿ ಕಡಿಯದ ಹಾಗೆ ನೀನು ಕಾಪಾಡಿದ್ದೀ," ಎಂದರು. ಮೇಸ್ತ್ರಿಗಳ ಹೆಂಡತಿಗಾಗಿ ಸ್ತೋತ್ರ ಹೇಳಿದರು, ಅವರ ಮನೆಯ ಹಸು ಕರು ಹಾಕಿದ್ದಕ್ಕಾಗಿ ಹೇಳಿದರು. ಮೇಸ್ತ್ರಿಗಳ ಹೆಸರು ಮಾತ್ರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ, ವರ್ಷ ತಿರುಗಿದರೂ ಇಲ್ಲ. ಪಾದ್ರಿಯವರು ಸಮಾಧಾನ ಮಾಡಲು ಹೋದಾಗ ಟೀಚರು, "ನನಗೆ ಅವರ ಮೇಲೆ ಎಂತ ಕೋಪವೂ ಇಲ್ಲ ಅಯ್ಯನವರೇ. ಹೆಸರು ಬಾಯಿಗೆ ಬರುವುದಿಲ್ಲ, ಅಷ್ಟೇ," ಎಂದರಂತೆ.

ಮೇಸ್ತ್ರಿಗಳು ಹೊರಗೆ ನಗುತ್ತಿದ್ದರು. "ಹಸುವಿಗೆ ಆಶೀರ್ವಾದ ಸಿಕ್ಕಿತಲ್ಲ, ಹಾಲು ಕುಡಿಯುವುದು ನಾನೇ ಅಲ್ವಾ?" ಎನ್ನುತ್ತಿದ್ದರು. ಆದರೆ ನಾನು ಕಳ್ಳಗಣ್ಣಿನಿಂದ ನೋಡಿದ್ದೇನೆ. ಟೀಚರ ಪ್ರಾರ್ಥನೆ ಆ ಮೂಲೆಯ ಹತ್ತಿರ ಬಂದಾಗ ಅವರು ಕತ್ತು ಸ್ವಲ್ಪ ಮುಂದೆ ಚಾಚಿ ಕಾಯುತ್ತಿದ್ದರು. ಪ್ರಾರ್ಥನೆ ಹಸುವನ್ನು ದಾಟಿ ಹೋದ ಮೇಲೆ ಕತ್ತು ಹಿಂದಕ್ಕೆ ಬರುತ್ತಿತ್ತು.

ಹೀಗಿರುವಾಗ ಮೇಸ್ತ್ರಿಗಳ ಗಂಟಲಲ್ಲಿ ಗಡ್ಡೆ ಎದ್ದಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಕೊಯ್ದು ತೆಗೆಯಬೇಕು, ಜೀವ ಉಳಿದರೂ ಸ್ವರ ಉಳಿಯುವ ಭರವಸೆ ಕಡಿಮೆ ಎಂದು ಡಾಕ್ಟರು ಹೇಳಿದರು. ಕೆಲಸ ಬಿಟ್ಟು ಬರುವಾಗ ನಾನು ನೋಡಲು ಹೋದೆ. ಯಾವಾಗಲೂ ತಮಾಷೆ ಮಾಡುವವರು ಅಂದು ಮಾಡಲಿಲ್ಲ.

"ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು. ನಿನ್ನ ಅಮ್ಮ ಬಂದಿದ್ದರು. ಎಲ್ಲರೂ ಮಾಡಿದರು," ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು: "ನೋಡು ಮಗಾ, ನನಗೆ ಹೆದರಿಕೆ ಆಗ್ತಾ ಉಂಟು. ಅವರ ಬಾಯಲ್ಲಿ ನನ್ನ ಹೆಸರು ಒಂದು ಸಲ ಬಂದಿದ್ದರೆ ಧೈರ್ಯ ಇರುತ್ತಿತ್ತು. ನೀನು ಹೋಗಿ ಹೇಳು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಬೇಡ ಅನ್ನುವುದೂ ಇಲ್ಲ."

ನಾನು ಬಸ್ಸಿಳಿದು ನೇರ ಕಡಿಯಾಳಿಗೆ ಹೋಗಿ ಹೇಳಿದೆ. ಟೀಚರು ಚಹಾ ಸೋಸುತ್ತಿದ್ದರು. ಸೋಸಿ ಮುಗಿಸಿ, ಪಾತ್ರೆ ತೊಳೆದು, ಕೈ ಒರೆಸಿಕೊಂಡು, "ನಾಳೆ ಎಷ್ಟು ಗಂಟೆಗೆ ಆಪರೇಷನ್?" ಎಂದು ಮಾತ್ರ ಕೇಳಿದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ವಾರ್ಡಿನಲ್ಲಿದ್ದೆವು. ಮೇಸ್ತ್ರಿಗಳು ಟೀಚರನ್ನು ನೋಡಿ ಎದ್ದು ಕೂರಲು ಹೋದರು. ಟೀಚರು ಅವರ ಮುಖ ನೋಡದೆ, "ಪ್ರಾರ್ಥನೆ ಮಾಡುವ," ಎಂದು ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು.

ನೇರ ಮೇಸ್ತ್ರಿಗಳ ಹೆಸರಿಗೇ ಬರಬಹುದಿತ್ತಲ್ಲ? ಬರಲಿಲ್ಲ. ಕ್ರಮ ಅಂದರೆ ಕ್ರಮ. ಬೆಂಚಿನ ಬದಲು ಇಲ್ಲಿ ಮಂಚ ಇತ್ತು. ಬಾಗಿಲ ಬಳಿಯ ಮಂಚದಿಂದಲೇ ಶುರು ಮಾಡಿದರು. ಕಣ್ಣು ಮುಚ್ಚಿಕೊಂಡೇ "ನಿಮ್ಮ ಹೆಸರೆಂತ?" ಎಂದು ಕೇಳುವುದು, ಅವರು ಹೇಳುವುದು, ಟೀಚರು ದೇವರಿಗೆ ಒಪ್ಪಿಸುವುದು. ತೆಂಗಿನ ಮರದಿಂದ ಬಿದ್ದ ಕಾರ್ಕಳದ ವಾಸು ಪೂಜಾರಿಗಾಗಿ ಸ್ತೋತ್ರವಾಯಿತು. ಪಕ್ಕದ ಮಂಚದಲ್ಲಿ ಕಾಪುವಿನ ಬ್ಯಾರಿ ಮುಸ್ಲಿಮರೊಬ್ಬರಿದ್ದರು. ಟೀಚರು ಕೇಳುವ ಮೊದಲೇ ಅವರು, "ನಾನು ಹಸನಬ್ಬ, ಟೀಚರೆ. ನನ್ನ ತಂಗಿಗೆ ನೀವು ಮಗ್ಗಿ ಕಲಿಸಿದ್ದು," ಎಂದರು. ಆ ತಂಗಿಯ ಹದಿಮೂರರ ಮಗ್ಗಿಯನ್ನೂ ಟೀಚರು ದೇವರಿಗೆ ನೆನಪಿಸಿದರು.

ಅಷ್ಟರಲ್ಲಿ ಚಕ್ರದ ಕಿರ್ ಕಿರ್ ಸದ್ದು ಕೇಳಿಸಿತು. ನಾನು ಕಣ್ಣು ತೆರೆದೆ. ಆಪರೇಷನ್ನಿಗೆ ಕರೆದೊಯ್ಯಲು ಗಾಡಿ ಬಂದಿತ್ತು. ನರ್ಸು ಪ್ರಾರ್ಥನೆಗೆ ಮರ್ಯಾದೆ ಕೊಟ್ಟು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಮೇಸ್ತ್ರಿಗಳನ್ನು ಗಾಡಿಗೆ ಹತ್ತಿಸಿದಳು. ಅವರು ಒಂದು ಕೈಯಿಂದ ಮಂಚದ ಸರಳು ಹಿಡಿದುಕೊಂಡರು, ಕಣ್ಣು ಟೀಚರ ಮೇಲೆಯೇ. ಹಸನಬ್ಬರ ಮಂಚ ಮುಗಿದರೆ ಮುಂದಿನದು ಅವರದೇ. ನರ್ಸು ಮೆಲ್ಲನೆ ಆ ಕೈ ಬಿಡಿಸಿದಳು. ನಾನು ಟೀಚರ ಸೆರಗು ಎಳೆದೆ. ಅವರು ನನ್ನ ಕೈಗೆ ಒಂದು ಪೆಟ್ಟು ಕೊಟ್ಟು, ಚಕ್ರದ ಸದ್ದಿಗಿಂತ ಸ್ವರ ಏರಿಸಿ ಹಸನಬ್ಬರ ಮೊಣಕಾಲಿನ ಪ್ರಾರ್ಥನೆಯನ್ನು ಮುಂದುವರಿಸಿದರು. ಗಾಡಿ ಬಾಗಿಲು ದಾಟಿ ಹೋಯಿತು.

ಆಮೇಲೆ ಟೀಚರ ಸ್ವರ ಇಳಿಯಿತು.

"ಕರ್ತನೇ, ಈಗ ದಾನಿಯೇಲ್. ಇವರಿಗಾಗಿ ಸ್ತೋತ್ರ. ಆ ದಿವಸ ಇವರು ಹೇಳಿದ್ದು ಸುಳ್ಳಲ್ಲ, ನಾನು ಎಳೆಯುತ್ತೇನೆ. ಹಾಡು ಮುಗಿದರೆ ಮನೆಗೆ ಹೋಗಬೇಕಲ್ಲ, ಅಲ್ಲಿ ಮಾತಾಡಲಿಕ್ಕೆ ಯಾರುಂಟು? ಇವರ ಜೀವ ಉಳಿಸು. ಸ್ವರವನ್ನೂ ಉಳಿಸು. ಇಲ್ಲದಿದ್ದರೆ ನಾನು ಯಾರ ಹಿಂದೆ ಹಾಡುವುದು? ಆಮೆನ್."

ಅವರು ಕಣ್ಣು ತೆರೆದರೆ ಮಂಚ ಖಾಲಿ. ಟೀಚರು ದಿಂಬನ್ನೇ ನೋಡುತ್ತ ನಿಂತರು. ಹಸನಬ್ಬರು ಸಂಕೋಚದಿಂದ, "ಕೊಂಡುಹೋದರು ಟೀಚರೆ. ನಾನು ಕೇಳಿದ್ದೇನೆ, ಬಂದ ಮೇಲೆ ಹೇಳ್ತೇನೆ," ಎಂದರು. "ಬೇಡ. ಕೇಳಬೇಕಾದವನು ಕೇಳಿದ್ದಾನೆ," ಎಂದು ಟೀಚರು ಮೇಲೆ ತೋರಿಸಿದರು. ಆದರೆ ಬಸ್ಸಿನಲ್ಲಿ ಉಡುಪಿಯವರೆಗೂ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

ಮೇಸ್ತ್ರಿಗಳ ಜೀವ ಉಳಿಯಿತು, ಸ್ವರ ಹೋಯಿತು. ನೋಡಲು ಹೋದಾಗ ಅವರು ನನ್ನನ್ನೂ ಖಾಲಿ ಬಾಗಿಲನ್ನೂ ನೋಡಿ ಹುಬ್ಬೇರಿಸಿದರು. ಟೀಚರು ನಿಮ್ಮ ಹೆಸರು ಹೇಳಿದರು ಎಂದೆ. ಏನು ಹೇಳಿದರೆಂದು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಮಾಡಿದರು; ಟೀಚರೇ ಹೇಳಬೇಕಂತೆ. ಟೀಚರಿಗೆ ತಿಳಿಸಿದರೆ, "ಒಮ್ಮೆ ಮಾಡಿದ ಪ್ರಾರ್ಥನೆಯನ್ನು ಪುನಃ ಹೇಳಲಿಕ್ಕೆ ಅದೆಂತ ಮಗ್ಗಿಯಾ?" ಎಂದರು. ಇವರಿಬ್ಬರ ಮಧ್ಯೆ ಬಸ್ಸಿನಲ್ಲಿ ಓಡಾಡಿ ನಾನು ಸವೆದೆ.

ಕೊಯ್ಲಿನ ಹಬ್ಬ ಬಂತು. ಆ ವರ್ಷ ಕಾಯಿಲೆಯಿಂದ ಎದ್ದವರು ಅಂದು ಸಭೆಯ ಮುಂದೆ ನಿಂತು, ತಮಗಾಗಿ ಪ್ರಾರ್ಥಿಸಿದವರಿಗಾಗಿ ಬಾಯಿಬಿಟ್ಟು ಸ್ತೋತ್ರ ಹೇಳುವುದು ನಮ್ಮ ಪದ್ಧತಿ. ಮಾತು ಬಾರದ ಕೂಸಾದರೆ ತಾಯಿ ಅದರ ಪರವಾಗಿ "ನಾನು" ಎಂದೇ ಹೇಳುತ್ತಾಳೆ. ಮೇಸ್ತ್ರಿಗಳ ಪರವಾಗಿ ಅವರ ಹೆಂಡತಿ ಹೇಳುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಮೇಸ್ತ್ರಿಗಳು ಎದ್ದು ಬಂದು ನಮ್ಮ ಎರಡನೇ ಬೆಂಚಿನ ಎದುರು ನಿಂತರು. ಟೀಚರ ಕಡೆ ಕೈ ಮಾಡಿದರು.

ಟೀಚರು ಎದ್ದರು. "ಕರ್ತನೇ, ನಾನು ದಾನಿಯೇಲ್," ಎಂದು ಶುರು ಮಾಡಿ, ಮೊದಲನೇ ಬೆಂಚಿನ ಎಲಿಸಬೆತಮ್ಮನಿಂದ ಒಬ್ಬೊಬ್ಬರಿಗೂ ಸ್ತೋತ್ರ ಹೇಳುತ್ತ ಬಂದರು. ಎರಡನೇ ಬೆಂಚಿಗೆ ಬಂದು ನನ್ನ ಹೆಸರು ಹೇಳಿದರು. ಮುಂದಿನದು ಅವರದೇ ಹೆಸರು. ಮಾತು ನಿಂತಿತು. ಬೆಂಚಿನ ಕ್ರಮ ತಪ್ಪಿಸುತ್ತಾರೇನೋ ಎಂದು ನಾನು ಕಣ್ಣು ತೆರೆದೆ.

"ಸಲೋಮಿ ಟೀಚರಿಗಾಗಿ ಸ್ತೋತ್ರ," ಎಂದರು. "ಅವರು ಎಲ್ಲದರಲ್ಲೂ ತಡ. ನನ್ನ ಹೆಸರು ಹೇಳಲಿಕ್ಕೂ ತಡ ಮಾಡಿದರು, ನನಗೆ ಕೇಳಿಸಲೇ ಇಲ್ಲ. ನನ್ನ ಸ್ವರ ಉಳಿಸು, ಇಲ್ಲದಿದ್ದರೆ ಯಾರ ಹಿಂದೆ ಹಾಡುವುದು ಎಂದು ಅವರು ನಿನ್ನನ್ನು ಕೇಳಿದ್ದರು. ಸ್ವರ ಉಳಿಯಲಿಲ್ಲ. ನನ್ನ ಕೈ ಇನ್ನೂ ಉಂಟು, ಕರ್ತನೇ. ಸ್ತೋತ್ರ."

ನಾನು ಕಣ್ಣು ತೆರೆದಿದ್ದೆ. ನೋಡಿದರೆ ಸಭೆಯೆಲ್ಲ ಕಣ್ಣು ತೆರೆದುಕೊಂಡಿತ್ತು, ಪಾದ್ರಿಯವರೂ ಕೂಡ. ಮೇಸ್ತ್ರಿಗಳು ಮಾತ್ರ ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ ನಿಂತಿದ್ದರು, ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಹೋಗಿ ಹಾರ್ಮೋನಿಯಂ ಮುಂದೆ ಕೂತರು. ಪ್ರತಿ ಸಾಲಿನ ಕೊನೆಯಲ್ಲಿ ಬೆರಳನ್ನು ಒತ್ತಿಹಿಡಿದು, ಟೀಚರು ಬಂದು ಮುಟ್ಟುವವರೆಗೆ ಕಾದರು. ಆ ದಿನವಷ್ಟೇ ಅಲ್ಲ, ಎಂಬತ್ತರ ದಶಕವಿಡೀ ಹೀಗೇ ನಡೆಯಿತು. ನಮ್ಮ ಆರಾಧನೆ ಮುಗಿಯುವಾಗ ಬೇರೆ ಚರ್ಚಿನವರು ಊಟ ಮುಗಿಸಿ ಮಲಗಿರುತ್ತಿದ್ದರು.

ಇಬ್ಬರೂ ಈಗಿಲ್ಲ. ಇದನ್ನು ಬರೆಯುತ್ತಿರುವಾಗಲೇ ಮಗಳು ಬಂದು, ಮಹಿಳಾ ಕೂಟದ ಶೈಲಾ ಸಂಜೆ ಪ್ರಾರ್ಥನೆಗೆ ಬರುತ್ತಾಳಂತೆ ಎಂದಳು. ಹೋದ ಕ್ರಿಸ್ಮಸ್ಸಿನಿಂದ ಶೈಲಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾರಣ ಹೇಳಿದರೆ ನೀವು ಅವಳ ಪಕ್ಷ ಸೇರುತ್ತೀರಿ, ಆದ್ದರಿಂದ ಹೇಳುವುದಿಲ್ಲ. ಅವಳ ಹೆಸರು ಹಿಡಿದು ನಾನು ಮಧ್ಯಾಹ್ನವೇ ಒಂದು ಸ್ತೋತ್ರ ಹೇಳಿದೆ. ನಾಲಿಗೆ ಸ್ವಲ್ಪ ತಡವರಿಸಿತು, ಆದರೂ ಬಂತು.

"ಬೇಗ ಮುಗಿಸಲಿಕ್ಕೆ ಹೇಳಲಾ ಅಮ್ಮ? ನಿನಗೆ ಸುಸ್ತಾಗ್ತದೆ," ಎಂದಳು ಮಗಳು. ಬೇಡ ಎಂದೆ. ಶೈಲಾ ಎಲ್ಲಿಂದ ಬೇಕಾದರೂ ಶುರು ಮಾಡಲಿ, ಊರೆಲ್ಲ ಸುತ್ತಿ ಬರಲಿ. ನನ್ನ ಹೆಸರು ಅವಳ ಬಾಯಿಗೆ ಬರುವವರೆಗೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.