ಖಾಲಿ ಚೌಕ ಸಹಿಸದ ರುಕ್ಮಿಣಿ ಮಿಸ್ಸು

ರುಕ್ಮಿಣಿ ಮಿಸ್ಸಿಗೆ ಖಾಲಿ ಚೌಕ ಕಂಡರೆ ಆಗುತ್ತಿರಲಿಲ್ಲ. ಗೋಡೆಯ ಮೇಲೆ ಪಟವಿಲ್ಲದ ಬರೀ ಫ್ರೇಮು ನೇತಾಡುತ್ತಿದ್ದರೆ ಇಳಿಸಿ ಬೀರುವಿನ ಹಿಂದೆ ತಳ್ಳುತ್ತಿದ್ದರು. ಹೆಸರಿದ್ದು ಮುಖವಿಲ್ಲದಿದ್ದರೆ ಆ ಮನುಷ್ಯನಿಗೆ ಕೇಡು ಎಂದು ಅವರ ನಂಬಿಕೆ. ನಂಬಿಕೆ ಅವರದು, ತಲೆನೋವು ನನ್ನದು.

ಮಳವಳ್ಳಿಯ ಒಂದು ಸಣ್ಣ ಶಾಲೆಗೆ ಅವರು ಹೆಡ್‌ಮಿಸ್ಸು. ನನಗೂ ಅಲ್ಲೇ ಲೆಕ್ಕ ಕಲಿಸಿದವರು. ಪಾಠಕ್ಕೆ ನಿಂತರೆ ಪುಸ್ತಕದ ಕನ್ನಡ, ಬೈಯುವಾಗ ಅಪ್ಪಟ ಮಳವಳ್ಳಿ. ನಾನು ಮಂಡ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮೇಲೂ ನನ್ನನ್ನು ‘ಲೋ’ ಎನ್ನುವುದನ್ನು ಬಿಡಲಿಲ್ಲ. ಹತ್ತನೇ ಕ್ಲಾಸಿನ ಬೀಳ್ಕೊಡುಗೆಯಲ್ಲಿ ಪ್ರತಿ ಮಗುವಿಗೂ ಅದರದೇ ಫೋಟೊ ಇರುವ ಪ್ರಶಂಸಾಪತ್ರ ಕೊಡಬೇಕೆಂದು ಹಟ ಹಿಡಿದರು. ನಾನು ವರ್ಡಿನಲ್ಲಿ ಟೆಂಪ್ಲೇಟ್, ಅಂದರೆ ಮಾದರಿ ಪತ್ರ, ಮಾಡಿದೆ: ಹೆಸರಿನ ಜಾಗಕ್ಕೆ ಕಂಸದೊಳಗೊಂದು ಗುರುತು, ಫೋಟೊ ಚೌಕದೊಳಗೊಂದು ಗುರುತು. ನಾನು ಬರೆದ ಕೋಡ್ ಆ ಗುರುತುಗಳನ್ನು ಹುಡುಕಿ ಒಬ್ಬೊಬ್ಬರ ಹೆಸರು, ಫೋಟೊ ತಂದು ಕೂರಿಸುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದರೆ ಇಡೀ ಕ್ಲಾಸಿನ ಪತ್ರ ತಯಾರು. ಹಾಗಂತ ನಂಬಿದ್ದೆ.

ಮೊದಲ ವರ್ಷ ಪತ್ರಗಳಲ್ಲಿ ಒಂದು ಫೋಟೊವೂ ಬರಲಿಲ್ಲ. ಫೋನಿನಲ್ಲಿ ಕೇಳಿದರೆ ತಾವೇನೂ ಮುಟ್ಟಿಲ್ಲ ಎಂದರು ಮಿಸ್ಸು. ಮದ್ದೂರಿನಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ನೋಡಿದರೆ ಫೋಟೊದ ಗುರುತೇ ಮಾಯ.

“ನೀನು ಅದೇನೋ ಎರಡು ಕೊಕ್ಕೆ ಆಕಿ ಮಧ್ಯ ಗೀಚಿದ್ದೆ ಕಣ್ಲಾ. ಮಕ್ಕಳ ಪತ್ರದಲ್ಲಿ ಕಸ ಯಾಕೆ ಅಂತ ತೆಗ್ದೆ.”

ಹೇಳಿ, ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಕೊಟ್ಟರು. ಅದೇ ಕಷ್ಟ, ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡುತ್ತಿರಲಿಲ್ಲ. ಇನ್ನು ಮುಟ್ಟಬೇಡಿ ಎಂದು ಕೈಮುಗಿದು ಬಂದೆ. ಮರುವರ್ಷ ಗುರುತೇನೋ ಇತ್ತು, ಅದರ ನೆತ್ತಿಯ ಮೇಲೆ, ಚೌಕ ಖಾಲಿ ಇರಬಾರದೆಂದು ಮಿಸ್ಸು ತಂದು ಕೂರಿಸಿದ ಗಣಪತಿಯ ಚಿತ್ರ. ಮಕ್ಕಳ ಫೋಟೊಗಳೆಲ್ಲ ಅವನ ಹೊಟ್ಟೆಯ ಹಿಂದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೊನೆಗೆ ನಾನೇ ಸೋತೆ. ಚೌಕದಲ್ಲಿ ಯಾವುದಾದರೊಂದು ಮುಖ ಮೊದಲೇ ಇರಲಿ, ಕೋಡ್ ಅದನ್ನು ಅಳಿಸಿ ಮಗುವಿನ ಫೋಟೊ ಹಾಕಲಿ ಎಂದು ಬದಲಾಯಿಸಿದೆ. ಯಾರ ಮುಖ ಇಡೋಣ ಎಂದಾಗ ಮಿಸ್ಸು ತಮ್ಮದೇ ಫೋಟೊ ಕೊಟ್ಟರು.

“ಅಳ್ಸೋದೇ ಆದ್ರೆ ನಂದೇ ಅಳ್ಸು. ಬ್ಯಾರೇವ್ರ ಮೊಕ ಯಾಕೆ ಅಳುಸ್ತೀಯ?”

ಆಮೇಲೆ ಎಲ್ಲ ಸುಸೂತ್ರವಾಗಿತ್ತು, ಅವರ ನಿವೃತ್ತಿಯ ವರ್ಷದವರೆಗೆ. ಆ ವರ್ಷ ಸವಿತಾ ಎಂಬ ಹುಡುಗಿ ಫೋಟೊ ತೆಗೆಸುವ ದಿನ ಜ್ವರ ಬಂದು ಮನೆಯಲ್ಲಿದ್ದಳು. ಎಲ್ಲರ ಫೋಟೊ ಇದೆಯಾ ಎಂದು ನಾನು ಕೇಳಿದ್ದೆ. ಇದೆ ಎಂದಿದ್ದರು ಮಿಸ್ಸು. ಅವಳ ಫೋಟೊ ಸಿಗದ ಕೋಡ್ ಚೌಕವನ್ನು ಇದ್ದ ಹಾಗೇ ಬಿಟ್ಟಿತು. ವೇದಿಕೆಯ ಮೇಲೆ ನೋಡಿದರೆ ಸವಿತಾಳ ಹೆಸರಿಗೆ ಹೆಡ್‌ಮಿಸ್ಸಿನ ಮುಖ. ಮುಖ್ಯ ಅತಿಥಿ ಪತ್ರವನ್ನು ಎತ್ತಿ ತೋರಿಸಿ ನಕ್ಕರು, ಸಭೆಯೂ ನಕ್ಕಿತು. ಹುಡುಗಿ ಅಲ್ಲೇ ಅತ್ತುಬಿಟ್ಟಳು.

ಮಿಸ್ಸು ಮೈಕ್ ಕಿತ್ತುಕೊಂಡು ಕಾರ್ಯಕ್ರಮ ನಿಲ್ಲಿಸಿದರು. ಅತಿಥಿಗಳಿಗೆ ತಡವಾಗುತ್ತದೆ ಎಂದು ಯಾರೋ ಪಿಸುಗುಟ್ಟಿದ್ದಕ್ಕೆ, “ಅವರು ಕಾಯ್ತಾರೆ ಬುಡಿ, ಮಗು ಅಳ್ತಾ ಅದೆ” ಎಂದರು. ಸೆರಗಿನಿಂದ ಅವಳ ಕಣ್ಣೊರೆಸಿ, ಗೋಡೆಗೆ ನಿಲ್ಲಿಸಿ, ನನ್ನ ಮೊಬೈಲಿನಲ್ಲೇ ಫೋಟೊ ತೆಗೆಸಿದರು. ನಾನು ಆಫೀಸಿಗೆ ಓಡಿ ಪ್ರಿಂಟ್ ಹಾಕುತ್ತಿದ್ದರೆ ಬೆನ್ನ ಹಿಂದೆ ಬೈಗುಳ ಬೇರೆ.

“ನಿನ್ನ ಕೋಡ್‌ಗೆ ಕಣ್ಣಿಲ್ವೇನ್ಲಾ? ಅದು ನನ್ ಮೊಕ ಅಂತ ಗೊತ್ತಾಗಕಿಲ್ವಾ?”

ಕೋಡಿಗೆ ಯಾರ ಮುಖವೂ ಗೊತ್ತಾಗುವುದಿಲ್ಲ ಮಿಸ್, ಎಂದು ಕಿರುಚಬೇಕೆನಿಸಿತು. ಈಗಲೂ ಹೇಳುತ್ತೇನೆ, ತಪ್ಪು ಅವರದೇ. ಬಿಸಿ ಪತ್ರ ಕೈಗೆ ಕೊಟ್ಟೆ. ಅದನ್ನು ಹಿಡಿದು ವೇದಿಕೆಗೆ ದಡದಡ ನಡೆದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ ಎದೆನೋವು ಬಂದು ತೀರಿಕೊಂಡರು.

ಮೊನ್ನೆ ಹೊಸ ಹೆಡ್‌ಮಾಸ್ಟರು ಫೋನ್ ಮಾಡಿದ್ದರು. ತೀರಿಹೋದವರ ಫೋಟೊ ಮಕ್ಕಳ ಪತ್ರದಲ್ಲಿ ಬೇಡ, ತೆಗೆದುಬಿಡಿ ಎಂದರು. ನ್ಯಾಯವೇ. ಖಾಲಿ ಚೌಕದಲ್ಲೇ ಫೋಟೊ ಕೂರಿಸುವಂತೆ, ಫೋಟೊ ಇಲ್ಲದ ಮಗು ಸಿಕ್ಕರೆ ಅಲ್ಲೇ ನಿಲ್ಲುವಂತೆ ಕೋಡ್ ತಿದ್ದಿದೆ. ಆಮೇಲೆ ಮಿಸ್ಸಿನ ಮುಖದ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದೆ. ಖಾಲಿ ಚೌಕ ಉಳಿಯಿತು. ಮೊದಲಿನಿಂದಲೂ ನಾನು ಮಿಸ್ಸನ್ನು ಕೇಳಿಕೊಂಡಿದ್ದು ಇದನ್ನೇ. ನೋಡಲಾಗಲಿಲ್ಲ. ಎದ್ದು ಅಂಗಡಿಯ ಹೊರಗೆ ಹೋಗಿ ನಿಂತೆ.