ಪುಷ್ಪಿಯ ಫುಲ್ ಟಿಕೆಟ್

ಸಾಗರದಲ್ಲಿ ನಾನೀಗ ಇರುವ ಬೀದಿಯ ತುದಿಗೆ ಒಂದು ಕೋಳಿ ಅಂಗಡಿಯಿದೆ. ಭಾನುವಾರ ಬೆಳಿಗ್ಗೆ ನಾಟಿ ಕೋಳಿಯ ಪುಕ್ಕ ಕಿತ್ತು, ಮೈಮೇಲೆ ಉಳಿದ ನವುರು ರೋಮವನ್ನು ಬೆಂಕಿಗೆ ಹಿಡಿಯುತ್ತಾರಲ್ಲ, ಆ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯವರೆಗೂ ಬರುತ್ತದೆ. ಅರ್ಧ ಕೂದಲು ಸುಟ್ಟ ಹಾಗೆ, ಅರ್ಧ ಹಬ್ಬದ ಅಡುಗೆಯ ಹಾಗೆ. ಬೀದಿಯವರ ಬಾಯಲ್ಲಿ ನೀರೂರುತ್ತದೇನೋ, ನನಗೆ ಮಾತ್ರ ತಲೆ ತಗ್ಗುತ್ತದೆ. ಇಷ್ಟು ವರ್ಷವಾದರೂ ಕಿಟಕಿ ಮುಚ್ಚಿಬಿಡುತ್ತೇನೆ. ನಿಮಗೂ ಹೀಗೊಂದು ವಾಸನೆ ಇರಬಹುದು, ಮನೆಯವರಿಗೂ ಹೇಳಿಕೊಳ್ಳಲಾಗದ್ದು.

ಹೊಸನಗರದಿಂದ ಸಾಗರಕ್ಕೆ ಬರುವ ದಾರಿಯ ಒಂದು ತಿರುವಿನಲ್ಲಿ ನಮ್ಮ ಮನೆಯಿತ್ತು. ಮನೆ ನಡೆಸುತ್ತಿದ್ದವಳು ದೊಡ್ಡಮ್ಮ, ಅಪ್ಪಯ್ಯನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರು. ಅವಳಿಗೆ ಓದು ಬರಹವಿರಲಿಲ್ಲ, ಆದರೆ ಒಂದು ಕಟ್ಟಳೆ ಇಟ್ಟುಕೊಂಡಿದ್ದಳು. ಮಗು ಶಾಲೆಗೆ ಸೇರಿದ ವರ್ಷ ಅದಕ್ಕೊಂದು ಹ್ಯಾಟೆ, ಅಂದರೆ ಮೊಟ್ಟೆಗೆ ಬಂದ ಹೆಣ್ಣು ಕೋಳಿ. ಕಾಲಿಗೆ ಮಗುವೇ ಆರಿಸಿದ ಬಣ್ಣದ ಬಟ್ಟೆಯ ಚೂರು ಕಟ್ಟುವುದು. ಮೊಟ್ಟೆ ಮಾರಿ ಬಂದದ್ದು ಬಿದಿರಿನ ತುಂಡಿಗೆ ಸೀಳು ಕೊರೆದು ಮಾಡಿದ ಹುಂಡಿಗೆ. ಮನೆಯ ಅಡುಗೆಗೆ ಆ ಮೊಟ್ಟೆ ಬೇಕಾದರೂ ದೊಡ್ಡಮ್ಮ ಅದರ ಬೆಲೆಯನ್ನು ಸೀಳಿನೊಳಗೆ ಹಾಕಿಯೇ ತೆಗೆದುಕೊಳ್ಳುತ್ತಿದ್ದಳು. ಆದರೆ ಕೋಳಿ ಕೈಗೆ ಬರುವ ಮೊದಲು ಮಗು ಎಲ್ಲರೆದುರು ಹೇಳಬೇಕಿತ್ತು, ಈ ದುಡ್ಡು ಎಂಥಕ್ಕೆ ಅಂತ. ಹೇಳುವಾಗ ಯಾರೂ ನಗುವ ಹಾಗಿರಲಿಲ್ಲ. ನಾನು ಕಂಪಾಸ್ ಪೆಟ್ಟಿಗೆ ಅಂದಿದ್ದೆ. ಹುಂಡಿ ತುಂಬಿ ಬಿದಿರು ಸೀಳಿದ ದಿನ ಅದು ನನ್ನದಾಯಿತು. ಅದರ ಮುಚ್ಚಳ ತೆಗೆದಾಗ ಬಂದ ಹೊಸ ತಗಡಿನ ವಾಸನೆಯನ್ನು ತಿಂಗಳುಗಟ್ಟಲೆ ಮೂಸಿದ್ದೇನೆ.

ನನ್ನ ತಂಗಿ ಪುಷ್ಪಿಯ ಸರದಿ ಬಂದಾಗ ಅವಳು ಹೇಳಿದ್ದು, "ಸಾಗರದ ಬಸ್ಸಲ್ಲಿ ಒಂದು ಫುಲ್ ಟಿಕೆಟ್." ಅಪ್ಪಯ್ಯ ಕೆಮ್ಮಿದಂತೆ ಮಾಡಿ ನಗು ನುಂಗಿದರು. ದೊಡ್ಡಮ್ಮ ಮಾತ್ರ, ಎಂಥಕೆ, ನಿಂಗೆ ಅರ್ಧ ಟಿಕೆಟ್ ಸಾಕಲ್ಲ ಅಂತ ಕೇಳಿದಳು. ಅರ್ಧ ಟಿಕೆಟಿನವರನ್ನು ಎಲ್ಲರೂ ಎಬ್ಬಿಸುತ್ತಾರೆ, ಏಳು ಪುಟ್ಟಿ, ದೊಡ್ಡೋರು ಕೂರ್ತಾರೆ ಅನ್ನುತ್ತಾರೆ, ಕಿಟಕಿ ಹೋಗುತ್ತದೆ ಎಂದು ಪುಷ್ಪಿ ವಿವರಿಸಿದಳು. ಫುಲ್ ಟಿಕೆಟ್ ಇದ್ದರೆ ಯಾರೂ ಎಬ್ಬಿಸುವಂತಿಲ್ಲ. ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, ಹೌದು ಎಂದು ಕೋಳಿಯನ್ನು ಅವಳ ಮಡಿಲಿಗಿಟ್ಟಳು. ಕಾಲಿಗೆ ಕೆಂಪು ಬಟ್ಟೆ ಕಟ್ಟಿದ್ದಕ್ಕೆ ಅದು ಕೆಂಪಿಯಾಯಿತು. ಬೊಗಸೆಯಲ್ಲಿ ಅಕ್ಕಿನುಚ್ಚು ಹಿಡಿದು ಪುಷ್ಪಿ "ಬಾ ಬಾ ಬಾ" ಅಂದರೆ ಗದ್ದೆಯ ಆಚೆಯಂಚಿನಿಂದಲೂ ಓಡಿ ಬರುತ್ತಿತ್ತು.

ಅಪ್ಪಯ್ಯ ಊರ ಶಾಲೆಯ ಮೇಷ್ಟ್ರು. ದೊಡ್ಡಮ್ಮನ ಕಟ್ಟಳೆಯನ್ನೇ ಅವರು ಶಾಲೆಗೂ ಒಯ್ದಿದ್ದರು. ಮಕ್ಕಳು ಚಿಲ್ಲರೆ ಕೂಡಿಡುವ ಡಬ್ಬಿಗಳ ಮೇಲೆ ತಮ್ಮ ತಮ್ಮ ಆಸೆ ಬರೆದು ಅಂಟಿಸಿದ್ದರು. ತನಿಖೆಗೆ ಬಂದ ಸಾಹೇಬರು ಅದನ್ನು ನೋಡಿ ಬಹಳ ಮೆಚ್ಚಿದರಂತೆ. ಆ ಖುಷಿಯಲ್ಲಿ ಅಪ್ಪಯ್ಯ ಅವರನ್ನು ಊಟಕ್ಕೆ ಕರೆದು, ಸೈಕಲ್ ತುಳಿದುಕೊಂಡು ಮುಂದಾಗಿ ಮನೆಗೆ ಬಂದರು. ದೊಡ್ಡಮ್ಮ ನೆಂಟರ ಮನೆಗೆ ಹೋಗಿದ್ದಳು, ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು ಜ್ವರವೆಂದು ಜಗಲಿಯಲ್ಲಿ ಮಲಗಿದ್ದೆ. ಬೆಳಗಿನ ಜಾವವಾಗಿದ್ದರೆ ಬುಟ್ಟಿಯಡಿಯಿಂದ ಯಾವ ಹುಂಜವನ್ನಾದರೂ ಹಿಡಿಯಬಹುದಿತ್ತು. ಹೊತ್ತೇರಿದ ಮೇಲೆ ಬಿಟ್ಟ ಕೋಳಿ ಯಾರ ಕೈಗೆ ಸಿಗುತ್ತದೆ? ಅಪ್ಪಯ್ಯ ಬೆವರೊರೆಸಿಕೊಂಡು ಅಂಗಳದ ನಡುವೆ ಕೂತರು. ಅಕ್ಕಿನುಚ್ಚು ಹಿಡಿದು, ತಮ್ಮ ದಪ್ಪ ದನಿಯನ್ನು ಆದಷ್ಟು ಸಣ್ಣ ಮಾಡಿಕೊಂಡು, "ಬಾ ಬಾ ಬಾ" ಅಂದರು.

ಕೆಂಪಿ ಬಂತು.

ಅಪ್ಪಯ್ಯ ನನ್ನ ಕಡೆ ನೋಡಿದರು. ನಾನು ಕಂಬಳಿ ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಬಚ್ಚಲಿನ ಹಿಂದಿನಿಂದ ರೋಮ ಸುಡುವ ವಾಸನೆ ಬಂತು.

ಮಧ್ಯಾಹ್ನದ ಬಿಡುವಿಗೆ ಪುಷ್ಪಿಯೂ ಬಂದು ಸಾಹೇಬರ ಎದುರಿನ ಎಲೆಗೆ ಕೂತಳು. ಒಳ್ಳೆಯ ಮನುಷ್ಯ ಆತ. ಕೊಟ್ಟೆ ಕಡುಬನ್ನು ಸಾರಿಗೆ ಅದ್ದುತ್ತಾ, ನೀನು ಎಂಥಕ್ಕೆ ಕೂಡಿಡ್ತೀಯ ಪುಟ್ಟಿ ಎಂದು ಪ್ರೀತಿಯಿಂದಲೇ ಕೇಳಿದರು. ಪುಷ್ಪಿ ಎಲ್ಲ ಹೇಳಿದಳು, ಬಸ್ಸು, ಕಿಟಕಿ, ಕೆಂಪಿ, ಅದರ ಮೊಟ್ಟೆಗಳು, ಇನ್ನು ಸ್ವಲ್ಪ ದಿನದಲ್ಲೇ ಬಿದಿರು ಸೀಳುವುದು. ಮೇಷ್ಟ್ರೇ, ಪಾಠ ನಿಮ್ಮ ಮನೇಲೇ ಶುರುವಾಗಿದೆ ಎಂದು ಸಾಹೇಬರು ನಕ್ಕರು. ಅಪ್ಪಯ್ಯ ಎಲೆಯಿಂದ ಕಣ್ಣೆತ್ತದೆ, ಸಾಹೇಬರಿಗೆ ಇನ್ನೆರಡು ಹೋಳು ಹಾಕು ಎಂದು ಅಮ್ಮನಿಗೆ ಹೇಳಿದರು. ಜ್ವರವಿದ್ದರೂ ನಾನೂ ತಿಂದೆ. ರುಚಿಯಾಗಿತ್ತು.

ಸಂಜೆ ಪುಷ್ಪಿ ನುಚ್ಚು ಹಿಡಿದು ಗದ್ದೆಯಂಚಿನವರೆಗೂ ಕೂಗಿಕೊಂಡು ಹೋದಳು. ತಿರುಗಿ ಬಂದವಳು ಬಚ್ಚಲಿನ ಹಿಂದೆ ಪುಕ್ಕದ ರಾಶಿ ಕಂಡು ನಿಂತಳು. ಅಳಲಿಲ್ಲ. ಅಷ್ಟರಲ್ಲಿ ಮನೆಗೆ ಬಂದ ದೊಡ್ಡಮ್ಮ ಅವಳನ್ನೂ ಪುಕ್ಕವನ್ನೂ ನೋಡಿ ನೇರ ಅಪ್ಪಯ್ಯನ ಎದುರಿಗೆ ಹೋದಳು.

"ಒಂದು ಕೋಳಿ ತಾನೇ ಅತ್ತಿಗೆ," ಅಂದರು ಅಪ್ಪಯ್ಯ. "ಬೇರೆ ತಂದು ಕೊಟ್ರಾಯ್ತು."

"ಕೋಳಿ ಕೊಡ್ತೀಯ ತಿಮ್ಮಪ್ಪ. ಅವಳನ್ನ ಒಂದು ಮಾತು ಕೇಳ್ಲಿಲ್ಲವಲ್ಲ, ಅದಕ್ಕೆ ಎಂತ ಕೊಡ್ತೀಯ?"

ಮಕ್ಕಳನ್ನು ಕೇಳಿ ಮನೆ ನಡೆಸುವುದುಂಟೇ ಎಂದು ಅಪ್ಪಯ್ಯ ಏನೋ ಅಂದರು. ದೊಡ್ಡಮ್ಮ ಪುಕ್ಕ ಗುಡಿಸಲು ಹೋದಳು.

ಮುಂದಿನ ಭಾನುವಾರ ಅಪ್ಪಯ್ಯ ನಮ್ಮಿಬ್ಬರನ್ನೂ ಕರೆದುಕೊಂಡು ಸಾಗರಕ್ಕೆ ಹೊರಟರು. ಬಸ್ಸು ಖಾಲಿಯಿತ್ತು. ಪುಷ್ಪಿಯನ್ನು ಕಿಟಕಿಯ ಪಕ್ಕ, ನನ್ನನ್ನು ನಡುವೆ ಕೂರಿಸಿ, ತಾವು ತುದಿಗೆ ಕೂತು, ಅವಳಿಗೆ ಫುಲ್ ಟಿಕೆಟ್ ಕೇಳಿದರು. ಈ ಪುಟ್ಟಿಗೆ ಫುಲ್ ಎಂಥಕೆ ಮೇಷ್ಟ್ರೇ, ದುಡ್ಡು ಹೆಚ್ಚಾಯ್ತಾ ಎಂದು ಕಂಡಕ್ಟರ್ ತಮಾಷೆ ಮಾಡಿದ. ಅಪ್ಪಯ್ಯ ಟಿಕೆಟನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿಯದೆ, ಬೇರೆಯವರ ವಸ್ತುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. ದಾರಿಯಲ್ಲಿ ಜನ ಹತ್ತಿದರು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಳು. ಯಾರೂ ಏಳು ಅನ್ನಲಿಲ್ಲ. ಪುಷ್ಪಿ ತಾನಾಗಿ ಎದ್ದಳು.

"ಕೂರು ಮಗಾ," ಅಂದರು ಅಪ್ಪಯ್ಯ ಗಡಿಬಿಡಿಯಿಂದ. "ಅದು ನಿಂದೇ ಸೀಟು."

"ನಂದಲ್ಲ. ನಿಮ್ದು."

ಟಿಕೆಟನ್ನು ಅವರ ಅಂಗಿಯ ಜೇಬಿಗೆ ತುರುಕಿ ಅವಳು ಕಂಬಿ ಹಿಡಿದುಕೊಂಡಳು. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಅವಳು ಬಿಟ್ಟ ಸೀಟಿನಲ್ಲಿ ಆ ಹೆಂಗಸು ಕೂತು, ಎಂಥ ಒಳ್ಳೆ ಮಕ್ಕಳು, ಮೇಷ್ಟ್ರ ಮಕ್ಕಳಲ್ಲವಾ ಎಂದಳು. ಆಗ ಅಪ್ಪಯ್ಯನೂ ಎದ್ದುಬಿಟ್ಟರು. ಖಾಲಿಯಾದ ಆ ಸೀಟಿಗೂ ಯಾರೋ ಬಂದು ಕೂತರು. ಸಾಗರ ಬರುವವರೆಗೆ ಅಪ್ಪಯ್ಯ, ಪುಷ್ಪಿ ಇಬ್ಬರೂ ಒಂದೇ ಕಂಬಿ ಹಿಡಿದು ನಿಂತಿದ್ದರು, ಅವರ ಕೈ ಮೇಲೆ, ಅವಳ ಕೈ ಕೆಳಗೆ. ತಿರುವುಗಳಲ್ಲಿ ಅವಳು ವಾಲಿದಾಗ ಹಿಡಿಯಲು ಅವರ ಇನ್ನೊಂದು ಕೈ ಮುಂದಾಗುತ್ತಿತ್ತು. ಮುಟ್ಟಲು ಧೈರ್ಯ ಸಾಲದೆ ಹಿಂದೆ ಸರಿಯುತ್ತಿತ್ತು.

ಆಮೇಲೆ ದೊಡ್ಡಮ್ಮ ಬೇರೆ ಹ್ಯಾಟೆ ಹಿಡಿದು, ಎಂಥಕ್ಕೆ ಹೇಳು ಎಂದು ಎಷ್ಟು ಕೇಳಿದರೂ ಪುಷ್ಪಿ, ಎಂತ ಬ್ಯಾಡ ದೊಡ್ಡಮ್ಮ ಅನ್ನುತ್ತಿದ್ದಳು. ಅಪ್ಪಯ್ಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಶಾಲೆಯ ಡಬ್ಬಿಗಳ ಸುದ್ದಿಯನ್ನು ಅವರು ಮತ್ತೆ ಮನೆಯಲ್ಲಿ ಎತ್ತಲಿಲ್ಲ. ಈಗ ದೊಡ್ಡಮ್ಮನಿಲ್ಲ, ಅಪ್ಪಯ್ಯನಿಲ್ಲ, ರಸ್ತೆ ಅಗಲವಾಗಿ ಆ ಅಂಗಳವೂ ಇಲ್ಲ. ಪುಷ್ಪಿ ತೀರ್ಥಹಳ್ಳಿಯಲ್ಲಿ ಸಂಸಾರ ಕಟ್ಟಿಕೊಂಡು ಚೆನ್ನಾಗಿದ್ದಾಳೆ. ಹಬ್ಬಕ್ಕೆ ಸೀರೆ ತರಲು ಹೊರಟಾಗ, ನಿನಗೆ ಯಾವ ಬಣ್ಣ ಬೇಕೇ ಎಂದು ಪ್ರತಿ ಸಲವೂ ಫೋನ್ ಮಾಡಿ ಕೇಳುತ್ತೇನೆ. ಯಾವುದಾದ್ರೂ ಆಯ್ತು ಅಕ್ಕಾ, ನೀನೇ ನೋಡು ಅನ್ನುತ್ತಾಳೆ. ಅಂಗಡಿಯವನು ಸೀರೆಗಳನ್ನು ಒಂದರ ಮೇಲೊಂದು ಹರಡುತ್ತಾನೆ. ನಾನು ಯಾವುದನ್ನೂ ಮುಟ್ಟದೆ ಬಹಳ ಹೊತ್ತು ಕೂತಿರುತ್ತೇನೆ.