ಬಸವಲಿಂಗಮ್ಮ ವಿಮಾನ ಹತ್ತಿದ ದಿನ

ಗುಬ್ಬಿಯ ಬಸವಲಿಂಗಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿ ಮಾಲಿನಿಯನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಅವರೇ. ಗಂಡು ಮಲ್ಲಿಕಾರ್ಜುನ್ ಕಲಬುರಗಿ ಕಡೆಯವನು. ತುಮಕೂರಿನ ಮಠದಲ್ಲಿದ್ದು ಓದಿ, ತನ್ನೂರಿನ ಹತ್ತಿರವೇ ಮೇಷ್ಟರಾಗಿದ್ದ. ಆಮೇಲೆ ವರ್ಷಕ್ಕೊಮ್ಮೆ ಮಾಲಿನಿಯೇ ತವರಿಗೆ ಬರುತ್ತಿದ್ದಳು. ಹೊಲಿಗೆ ಬಿಟ್ಟು ಅಕ್ಕ ಅಲ್ಲಿಗೆ ಹೋಗಿದ್ದೇ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಲ್ಲಿಕಾರ್ಜುನನ ಫೋನ್ ಬಂತು. ಎದೆನೋವು ಅಂದ ಮಾಲಿನಿ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದಳು.

"ನಾನು ಬರೋವರ್ಗೂ ಮಣ್ಣು ಮಾಡ್ಬೇಡಿ," ಎಂದರು ಬಸವಲಿಂಗಮ್ಮ.

ಪಕ್ಕದ ಮನೆಯ ರವೀಶ್ ಬಾಡಿಗೆ ಕಾರು ಓಡಿಸುವವನು. ಅವನು ಮೊಬೈಲ್ ನೋಡಿ ಹೇಳಿದ: "ಬಸ್ಸಲ್ಲಿ ಹೋದ್ರೆ ರಾತ್ರಿಯಾಗುತ್ತೆ ಕಣಕ್ಕ. ಬೆಂಗಳೂರಿಂದ ವಿಮಾನ ಐತೆ, ಒಂದು ಗಂಟೆ ಚಿಲ್ಲರೆ ಅಷ್ಟೆ."

ಅವರು ಅದನ್ನೇ ಮಲ್ಲಿಕಾರ್ಜುನನಿಗೆ ಹೇಳಿದರು. ಅವನು ನೆರೆದವರಿಗೆಲ್ಲ ಹೇಳಿದ.

ಆದರೆ ಆ ಒಂದು ಗಂಟೆ ಬರೀ ಆಕಾಶದ್ದು. ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ನಿಲ್ದಾಣ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ವಿಮಾನವಿದ್ದದ್ದು ಮಧ್ಯಾಹ್ನಕ್ಕೆ. ಇಳಿದ ಮೇಲೂ ತಂಗಿಯ ಊರಿಗೆ ಕಾರಿನಲ್ಲಿ ಬಹಳ ದೂರ ಹೋಗಬೇಕಿತ್ತು. ರವೀಶ್ ಬಾಗಿಲವರೆಗೆ ಬಿಟ್ಟು ಹೋದ ಮೇಲೆ ಅವರು ಒಳಗೆ ಒಂದು ಕುರ್ಚಿಯಲ್ಲಿ ಕೂತರು. ಆಗ ಮಾಲಿನಿಯ ಮಗಳು ನಂದಿತಾ ಫೋನ್ ಮಾಡಿದಳು.

"ದೊಡ್ಡಮ್ಮ, ಎಲ್ಲಿದ್ದೀರಿ? ಒಂದು ತಾಸು ಅಂದಿದ್ರಲ್ಲ, ಎಲ್ಲಾರೂ ಬಿಸಿಲಾಗ ಕಾಯಾಕತ್ತಾರ. ಅಜ್ಜಿ ಮುಂಜಾನಿಂದ ನೀರು ಸೈತ ಕುಡದಿಲ್ಲ."

ಬಸವಲಿಂಗಮ್ಮನ ಒಂದು ಮಾತಿಗೆ ಅಷ್ಟು ಜನ ಹೆಣದ ಮುಂದೆ ಕೂತಿದ್ದರು. ಅವರು, "ನಿಮ್ಮಪ್ಪಂಗೆ ಕೊಡು ಮಗಾ," ಎಂದರು.

"ನಾನು ಹೇಳಿದ್ದು ತಪ್ಪಾಯ್ತು ಕಣಪ್ಪ. ಬಂದು ಸೇರೋವಷ್ಟರಲ್ಲಿ ಹೊತ್ತು ಮುಳುಗುತ್ತೆ. ಕಾಯ್ಬೇಡಿ."

"ನೀವು ಮುಖ ನೋಡಬ್ಯಾಡೇನ್ರಿ ಅಕ್ಕಾರ?"

"ನೋಡಿದೀನಿ ಬುಡಪ್ಪ. ಹುಟ್ಟಿದಾಗ ಅವಳ ಮುಖ ಮೊದಲು ನೋಡಿದ್ದು ನಾನೇ. ಮುಗಿಸ್ಬಿಡಿ. ನಿಮ್ಮಮ್ಮಂಗೆ ಏನಾದ್ರೂ ಕುಡಿಸಿ."

ವಿಮಾನ ಮೇಲೇರುವಾಗ ಪಕ್ಕದ ಸೀಟಿನ ಹೆಂಗಸು, "ಭಯ ಆಗ್ತಿದೆಯಾ ಅಮ್ಮ?" ಎಂದು ಕೇಳಿದಳು. ಬಸವಲಿಂಗಮ್ಮ ಹೌದೆಂದು ತಲೆಯಾಡಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಇಳಿಯುವವರೆಗೂ ತೆಗೆಯಲಿಲ್ಲ.

ಊರು ತಲುಪಿದಾಗ ಸಂಜೆಯಾಗಿತ್ತು. ಮಲ್ಲಿಕಾರ್ಜುನ್ ನೇರವಾಗಿ ಹೊಲಕ್ಕೆ ಕರೆದೊಯ್ದ. ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆಯಿತ್ತು. ಅವರು ವಿಭೂತಿಯಿಟ್ಟು, ಎರಡೂ ಅಂಗೈ ಮಣ್ಣಿನ ಮೇಲೂರಿ ಕೂತರು. ಬೆಳಗಿನಿಂದ ಅಳದೆ ಎಲ್ಲರಿಗೂ ನೀರು ಕೊಡುತ್ತ ಓಡಾಡಿದ್ದ ನಂದಿತಾ ಬಂದು ಅವರ ಬೆನ್ನಿಗೆ ಮುಖವಿಟ್ಟು ಅತ್ತಳು. ಕತ್ತಲಾಗುವವರೆಗೆ ಯಾರೂ ಅವರನ್ನು ಎಬ್ಬಿಸಲಿಲ್ಲ.

ಮನೆಗೆ ಬಂದು ನೋಡಿದರೆ ಮಾಲಿನಿಯ ಅತ್ತೆ ಗೋಡೆಗೊರಗಿ ಕೂತಿದ್ದರು. ಮುಂದಿಟ್ಟಿದ್ದ ಮಜ್ಜಿಗೆ ಹಾಗೇ ಇತ್ತು. ಬಸವಲಿಂಗಮ್ಮ ಅನ್ನ ಕಲೆಸಿ ತುತ್ತು ಮುಂದೆ ಹಿಡಿದರು. ಮುದುಕಿ ಮೊದಲು ಅವರ ಬಾಯಿಗೊಂದು ತುತ್ತಿಟ್ಟು, ಆಮೇಲೆ ತಾವು ಉಂಡರು.

ಕಾರ್ಯ ಮುಗಿಯುವವರೆಗೆ ಅಲ್ಲೇ ಇದ್ದರು. ಹೊರಡುವಾಗ ಮಲ್ಲಿಕಾರ್ಜುನ್ ವಿಮಾನದ ಮಾತೆತ್ತಿದ.

"ಬೇಡಪ್ಪ, ಬಸ್ಸಲ್ಲೇ ಹೋಗ್ತೀನಿ," ಎಂದರು ಅವರು. "ಅವಳು ಮಗೂನ ಎತ್ಕೊಂಡು ಬರ್ತಿದ್ದ ದಾರಿ ನಾನೂ ನೋಡ್ಬೇಕು."

ಬೆಳಗಿನ ಬಸ್ಸಿಗೆ ನಂದಿತಾಳೂ ಜೊತೆಗೆ ಹೊರಟಳು. ಅಮ್ಮ ಎಲ್ಲಿ ಇಳಿದು ಚಹಾ ಕುಡಿಯುತ್ತಿದ್ದಳು, ಎಲ್ಲಿ ತನ್ನನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು ಎಂದು ದಾರಿಯುದ್ದಕ್ಕೂ ತೋರಿಸುತ್ತ ಬಂದಳು. ಬಸವಲಿಂಗಮ್ಮ ಕಿಟಕಿ ಪಕ್ಕ ಕೂತು ಒಂದೊಂದನ್ನೂ ನೋಡಿದರು.